ಕಸೂತಿಯ ಎಳೆ, ಗಣಿತದ ನೆಲೆ: ಬೀಳಗಿ ಪರಿಸರದಲ್ಲಿ ವಿದ್ಯಾರ್ಥಿಗಳ ಗಣಿತ ಸಂಶೋಧನ ಯೋಜನೆಯ ರೂಪಣೆ ಮತ್ತು ಬರವಣಿಗೆ

ಪ್ರವೇಶ

ಜಾನಪದ ಮತ್ತು ಗಣಿತ ಪರಸ್ಪರ ಸಂಬಂಧವಿಲ್ಲದ ಜ್ಞಾನಶಾಖೆಗಳೆಂಬ ಭಾವನೆ ಶೈಕ್ಷಣಿಕ ವಲಯದಲ್ಲಿ ಬಲವಾಗಿ ಬೇರೂರಿದೆ. ಹಾಡು, ಕಥೆ, ಒಗಟು, ಗಾದೆಗಳ ಸಂಗ್ರಹ ಮತ್ತು ವಿಶ್ಲೇಷಣೆ ಜಾನಪದ ವಿದ್ವಾಂಸರ ಕೆಲಸ. ಅಂಕಿ, ಆಕೃತಿ, ಸೂತ್ರಗಳ ವಿಚಾರ ಗಣಿತಜ್ಞರ ಕೆಲಸ ಎಂಬ ವಿಭಜನೆ ರೂಢಿಗೆ ಬಂದಿದೆ. ಆದರೆ ಜನಪದರ ಬದುಕಿನಲ್ಲಿ ಇಂಥ ವಿಭಜನೆ ಇರಲಿಲ್ಲ. ಮಗ್ಗದ ಮುಂದೆ ಕುಳಿತ ನೇಕಾರ ಎಳೆಗಳನ್ನು ಎಣಿಸುತ್ತಾನೆ. ಅಂಗಳದಲ್ಲಿ ಚುಕ್ಕಿ ಇಡುವ ಹೆಣ್ಣುಮಗಳು ಸಾಲಿನಿಂದ ಸಾಲಿಗೆ ಚುಕ್ಕಿಗಳನ್ನು ಏರಿಸಿ ಇಳಿಸುತ್ತಾಳೆ. ಕಣದಲ್ಲಿ ರಾಶಿ ಅಳೆಯುವ ರೈತ ಕೊಳಗದ ಲೆಕ್ಕವನ್ನು ಬಾಯಲ್ಲೇ ಹಿಡಿದಿಡುತ್ತಾನೆ. ಇವೆಲ್ಲವೂ ಗಣಿತವೇ. ಬರಹಕ್ಕೆ ಬಾರದ ಕಾರಣಕ್ಕೆ ಅದನ್ನು ಗಣಿತವೆಂದು ಗುರುತಿಸಿಲ್ಲ ಅಷ್ಟೆ.

ಶಾಲಾ ಕಾಲೇಜುಗಳಲ್ಲಿ ಇಂದು ವಿದ್ಯಾರ್ಥಿಗಳು ಸಂಶೋಧನ ಯೋಜನೆಗಳನ್ನು ಸಿದ್ಧಪಡಿಸುವುದು ಸಾಮಾನ್ಯವಾಗಿದೆ. ವಿಜ್ಞಾನ, ಸಮಾಜವಿಜ್ಞಾನಗಳಲ್ಲಿ ಸ್ಥಳೀಯ ವಿಷಯಗಳು ಸುಲಭವಾಗಿ ದೊರೆಯುತ್ತವೆ. ಗಣಿತದ ವಿಷಯಕ್ಕೆ ಬಂದಾಗ ಮಾತ್ರ ಪಠ್ಯಪುಸ್ತಕದ ಒಂದು ಪ್ರಮೇಯವನ್ನು ಬಣ್ಣದ ಹಾಳೆಯ ಮೇಲೆ ಬರೆದು ಒಪ್ಪಿಸುವುದೇ ಯೋಜನೆ ಎನಿಸಿಕೊಳ್ಳುತ್ತದೆ. ಇದರಿಂದ ಎರಡು ನಷ್ಟಗಳಾಗುತ್ತವೆ. ಗಣಿತವೆಂದರೆ ಬೇರೆಯವರು ಎಂದೋ ಕಂಡುಹಿಡಿದು ಮುಗಿಸಿದ ಸಂಗತಿ ಎಂದು ವಿದ್ಯಾರ್ಥಿ ಭಾವಿಸುವುದು ಮೊದಲನೆಯದು. ತನ್ನ ಮನೆಯ ಹಿರಿಯರ ಕೈಯಲ್ಲಿರುವ ಲೆಕ್ಕದ ಅರಿವು ದಾಖಲಾಗದೆ ಕಣ್ಮರೆಯಾಗುವುದು ಎರಡನೆಯದು. ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಪರಿಸರದಲ್ಲಿ ಬಳಕೆಯಲ್ಲಿರುವ ಕಸೂತಿ ಕಲೆಯನ್ನು ಆಧಾರವಾಗಿಟ್ಟುಕೊಂಡು, ಒಂದು ಗಣಿತ ಸಂಶೋಧನ ಯೋಜನೆಯನ್ನು ಹೇಗೆ ರೂಪಿಸಬೇಕು, ಹೇಗೆ ನಡೆಸಬೇಕು, ಹೇಗೆ ಬರೆಯಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಕನ್ನಡ ನಾಡಿಗೆ ಗಣಿತದ ದೀರ್ಘ ಪರಂಪರೆಯಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಕೃತಿಗಳ ಮೂಲಕ ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು. ವ್ಯಾಪಾರ, ಭೂಮಿಯ ಅಳತೆ, ಧಾನ್ಯದ ಲೆಕ್ಕಗಳಂಥ ದಿನನಿತ್ಯದ ವ್ಯವಹಾರಗಳೇ ಇಂಥ ಗ್ರಂಥಗಳ ಲೆಕ್ಕಗಳಿಗೆ ವಸ್ತುವಾಗಿವೆ ಎಂಬುದು ಗಮನಾರ್ಹ. ಇತ್ತೀಚಿನ ಕಾಲಕ್ಕೆ ಬಂದರೆ, ಬೀಳಗಿ ಸೀಮೆಗೆ ದೂರವಲ್ಲದ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ೧೮೯೯ರಲ್ಲಿ ಜನಿಸಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ, ಮುಂದೆ ೧೯೫೪ರಿಂದ ೧೯೬೭ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಗ್ರಾಮೀಣ ಹಿನ್ನೆಲೆ ಗಣಿತದ ಉನ್ನತ ಅಧ್ಯಯನಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಅವರ ಬದುಕು ನಿದರ್ಶನ.

ಜನಸಮುದಾಯಗಳ ಗಣಿತವನ್ನು ಪ್ರತ್ಯೇಕ ಅಧ್ಯಯನದ ವಿಷಯವನ್ನಾಗಿ ಮಾಡಿದವರಲ್ಲಿ ಬ್ರೆಜಿಲ್‌ನ ಉಬಿರಾತಾನ್ ಡಿ ಆಂಬ್ರೋಸಿಯೊ ಪ್ರಮುಖರು. ಅವರು ಇದನ್ನು ‘ಎತ್ನೋಮ್ಯಾಥಮ್ಯಾಟಿಕ್ಸ್’ ಎಂದು ಕರೆದರು. ಕನ್ನಡದಲ್ಲಿ ಇದನ್ನು ‘ಜನಪದ ಗಣಿತ’ ಎನ್ನಬಹುದು. ಭಾರತದಲ್ಲಿ ೧೯೭೦ರ ದಶಕದಲ್ಲಿ ಮದರಾಸಿನ ಗಿಫ್ಟ್ ಸಿರೋಮನಿ ಮತ್ತು ಅವರ ಸಹೋದ್ಯೋಗಿಗಳು ತಮಿಳುನಾಡಿನ ಕೋಲಂ ರಂಗೋಲಿಗಳ ರಚನೆಯನ್ನು ಗಣಿತದ ವ್ಯಾಕರಣಗಳ ಮೂಲಕ ವಿವರಿಸಿದರು. ಅಮೆರಿಕದ ಮಾರ್ಸಿಯಾ ಆಶರ್, ಮೊಜಾಂಬಿಕ್‌ನ ಪೌಲುಸ್ ಗೆರ್ಡಸ್ ಅವರ ಕೃತಿಗಳೂ ಈ ದಾರಿಯಲ್ಲಿ ಮುಖ್ಯವಾದವು.

ವಿದ್ಯಾರ್ಥಿಗಳ ಯೋಜನೆಗೆ ಸಾಂಸ್ಥಿಕ ರೂಪ ಕೊಟ್ಟ ಪ್ರಯತ್ನಗಳಲ್ಲಿ ೧೯೯೩ರಲ್ಲಿ ಆರಂಭಗೊಂಡ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ಹೆಸರಿಸಬೇಕು. ೧೦ರಿಂದ ೧೭ ವರ್ಷದೊಳಗಿನ ಮಕ್ಕಳು ತಂಡವಾಗಿ, ಮಾರ್ಗದರ್ಶಕ ಶಿಕ್ಷಕರ ನೆರವಿನೊಂದಿಗೆ, ತಮ್ಮ ಊರಿನ ಸಮಸ್ಯೆಯೊಂದನ್ನು ಕೈಗೆತ್ತಿಕೊಂಡು ಅಧ್ಯಯನ ಮಾಡುವುದು ಇದರ ಕ್ರಮ. ಕರ್ನಾಟಕದಲ್ಲಿ ಈ ಕಾರ್ಯವನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸಂಘಟಿಸಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಆಲೋಚನೆಯ ಗಣಿತೀಕರಣವೇ ಗಣಿತ ಶಿಕ್ಷಣದ ಮುಖ್ಯ ಗುರಿ ಎಂದು ಹೇಳಿತು. ಈ ಎರಡು ನೆಲೆಗಳನ್ನು ಜನಪದ ಜ್ಞಾನದೊಂದಿಗೆ ಜೋಡಿಸುವ ಕೆಲಸ ಇನ್ನೂ ವ್ಯಾಪಕವಾಗಿ ನಡೆಯಬೇಕಾಗಿದೆ.

ವಿಷಯದ ಆಯ್ಕೆ

ಸಂಶೋಧನ ಯೋಜನೆಯ ಅರ್ಧ ಯಶಸ್ಸು ವಿಷಯದ ಆಯ್ಕೆಯಲ್ಲಿದೆ. ‘ಜನಪದರಲ್ಲಿ ಗಣಿತ’, ‘ನೇಕಾರಿಕೆ ಮತ್ತು ಗಣಿತ’ ಎಂಬಂಥ ಶೀರ್ಷಿಕೆಗಳು ವಿಸ್ತಾರವಾದವು. ಅವು ವಿಷಯಗಳೇ ಹೊರತು ಪ್ರಶ್ನೆಗಳಲ್ಲ. ಯೋಜನೆಗೆ ಬೇಕಾದುದು ಒಂದು ಪ್ರಶ್ನೆ. ಆ ಪ್ರಶ್ನೆಗೆ ಮೂರು ಲಕ್ಷಣಗಳಿರಬೇಕು. ಒಂದು, ಅದು ವಿದ್ಯಾರ್ಥಿ ನಡೆದು ಹೋಗಿ ನೋಡಬಹುದಾದ ಪರಿಸರದಿಂದ ಹುಟ್ಟಿರಬೇಕು. ಎರಡು, ಅದಕ್ಕೆ ಹೌದು ಅಥವಾ ಅಲ್ಲ, ಇಷ್ಟು ಅಥವಾ ಅಷ್ಟು ಎಂಬ ಖಚಿತ ಉತ್ತರ ಸಾಧ್ಯವಿರಬೇಕು. ಮೂರು, ಉತ್ತರ ಯಾಕೆ ಹಾಗಿದೆ ಎಂಬುದಕ್ಕೆ ಕಾರಣ ಕೊಡಲು ವಿದ್ಯಾರ್ಥಿಯ ಮಟ್ಟದ ಗಣಿತ ಸಾಲಬೇಕು.

ಬಾಗಲಕೋಟೆ ಜಿಲ್ಲೆ ಇಂಥ ಪ್ರಶ್ನೆಗಳ ಕಣಜ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ರಬಕವಿ-ಬನಹಟ್ಟಿಯ ಮಗ್ಗಗಳು, ಮನೆಮನೆಯ ಕೌದಿ, ಜಗುಲಿಯ ಮೇಲಿನ ಅಳಗುಳಿ ಮಣೆ ಎಲ್ಲವೂ ಎಣಿಕೆ ಮತ್ತು ಆಕೃತಿಯ ನೆಲೆಗಳು. ಚುಕ್ಕಿ ರಂಗೋಲಿಯನ್ನೇ ನೋಡಬಹುದು. ೧, ೩, ೫, ೭ ಎಂದು ಏರಿ ೫, ೩, ೧ ಎಂದು ಇಳಿಯುವ ಸಾಲುಗಳಲ್ಲಿ ಒಟ್ಟು ೨೫ ಚುಕ್ಕಿಗಳಿವೆ. ಏರುವ ಭಾಗದ ಚುಕ್ಕಿಗಳು ೧೬, ಅಂದರೆ ೪ರ ವರ್ಗ. ಇಳಿಯುವ ಭಾಗದವು ೯, ಅಂದರೆ ೩ರ ವರ್ಗ. ಮೊದಲ ಬೆಸ ಸಂಖ್ಯೆಗಳ ಮೊತ್ತ ಯಾವಾಗಲೂ ಒಂದು ವರ್ಗಸಂಖ್ಯೆಯೇ ಏಕಾಗುತ್ತದೆ ಎಂಬುದು ಎಂಟನೆಯ ತರಗತಿಯ ಮಗುವಿಗೂ ನಿಲುಕುವ ಪ್ರಶ್ನೆ.

ಪ್ರಸ್ತುತ ಲೇಖನ ಮಾದರಿಯಾಗಿ ಆರಿಸಿಕೊಂಡಿರುವುದು ಕಸೂತಿಯನ್ನು. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯ ಹೆಣ್ಣುಮಕ್ಕಳು ಸೀರೆಯ ಸೆರಗು, ಕುಪ್ಪಸ, ಮಗುವಿನ ಕುಂಚಿಗೆಗಳ ಮೇಲೆ ತೆಗೆಯುವ ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು, ತೊಟ್ಟಿಲು, ತುಳಸಿಕಟ್ಟೆ ಮೊದಲಾದ ಚಿತ್ತಾರಗಳಿವೆ. ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ತೆಗೆಯುವುದು ಹಿಂದಿನ ವಾಡಿಕೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಇಲ್ಲಿ ಮುಖ್ಯವಾದುದು ಗವಂತಿ. ಇದನ್ನು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ತೆಗೆಯುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ಸಾಗುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ. ಮುಗಿದ ಮೇಲೆ ಬಟ್ಟೆಯ ಮೇಲ್ಮಗ್ಗುಲು ಮತ್ತು ಕೆಳಮಗ್ಗುಲು ಎರಡೂ ಒಂದೇ ಸಮನಾಗಿ ಕಾಣಬೇಕು. ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಬೀಳುತ್ತದೆ. ಮರಳುವಾಗ ಬಿಟ್ಟ ಎಡೆಗಳು ತುಂಬುತ್ತವೆ.

ಇಲ್ಲಿಂದ ಯೋಜನೆಯ ಪ್ರಶ್ನೆ ಹುಟ್ಟುತ್ತದೆ: ಯಾವ ಯಾವ ಚಿತ್ತಾರಗಳನ್ನು ದಾರ ಕಡಿಯದೆ, ಎರಡೂ ಮಗ್ಗುಲು ಒಂದೇ ಆಗುವಂತೆ, ಆರಂಭಿಸಿದ ಎಡೆಗೇ ಮರಳಿ ಬರುವಂತೆ ಗವಂತಿಯಲ್ಲಿ ತೆಗೆಯಬಹುದು? ಪ್ರಶ್ನೆ ಒಂದೇ ವಾಕ್ಯದಲ್ಲಿದೆ. ಅದರಲ್ಲಿನ ಪ್ರತಿಯೊಂದು ನಿಬಂಧನೆಯೂ ಕಸೂತಿ ತೆಗೆಯುವವರ ರೂಢಿಯಿಂದಲೇ ಬಂದಿದೆ.

ಕ್ಷೇತ್ರಕಾರ್ಯ

ಗಣಿತದ ಯೋಜನೆಗೆ ಕ್ಷೇತ್ರಕಾರ್ಯವೇಕೆ ಎಂಬ ಪ್ರಶ್ನೆ ಸಹಜ. ಚಿತ್ತಾರದ ಛಾಯಾಚಿತ್ರವೊಂದನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಮುಗಿದ ಆಕೃತಿ ಮಾತ್ರ ಕಾಣುತ್ತದೆ. ಸೂಜಿ ಯಾವ ಕ್ರಮದಲ್ಲಿ ನಡೆಯಿತು ಎಂಬುದು ಕಾಣುವುದಿಲ್ಲ. ಈ ಯೋಜನೆಯ ದತ್ತಾಂಶವಿರುವುದು ಆ ಕ್ರಮದಲ್ಲಿ. ಆದ್ದರಿಂದ ವಿದ್ಯಾರ್ಥಿ ವಕ್ತೃವಿನ ಪಕ್ಕದಲ್ಲಿ ಕುಳಿತು, ಆಕೆ ಹೊಲಿಯುವುದನ್ನು ನೋಡುತ್ತ, ಚೌಕಳಿ ಹಾಳೆಯ ಮೇಲೆ ಪ್ರತಿ ಹೊಲಿಗೆಗೂ ೧, ೨, ೩ ಎಂದು ಅಂಕಿ ಹಾಕುತ್ತ ಹೋಗಬೇಕು. ಮೇಲ್ಮಗ್ಗುಲಿನ ಹೊಲಿಗೆಗೆ ಒಂದು ಬಣ್ಣ, ಕೆಳಮಗ್ಗುಲಿನದಕ್ಕೆ ಮತ್ತೊಂದು ಬಣ್ಣ ಬಳಸಿದರೆ ದಾಖಲೆ ಸ್ಪಷ್ಟವಾಗುತ್ತದೆ.

ಪ್ರಶ್ನೆ ಕೇಳುವ ಕ್ರಮವೂ ಮುಖ್ಯ. ‘ಇದರಲ್ಲಿ ಗಣಿತ ಎಲ್ಲಿದೆ?’ ಎಂದು ಕೇಳಿದರೆ ‘ನಾವೇನು ಸಾಲಿ ಕಲತವರೇನವ್ವ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಗಣಿತವೆಂಬ ಮಾತು ಆಕೆಯನ್ನು ದೂರ ಸರಿಸುತ್ತದೆ. ಅದರ ಬದಲು ‘ಆಯಿ, ಇಲ್ಲಿ ಸೂಜಿ ಯಾಕ ತಿರುವಿದ್ರಿ?’, ‘ಈ ಟೊಂಗಿ ಈಗ ಬಿಟ್ಟರ ಮುಂದ ಏನಾಗತೈತ್ರಿ?’ ಎಂದು ಕೆಲಸದ ನಡುವೆ ಕೇಳಿದರೆ ವಿವರಣೆ ತಾನಾಗಿ ಬರುತ್ತದೆ. ತಪ್ಪಿದ ಹೊಲಿಗೆಯನ್ನು ಬಿಚ್ಚುವ ಸಂದರ್ಭಗಳನ್ನು ವಿಶೇಷವಾಗಿ ಗಮನಿಸಬೇಕು. ನಿಯಮ ಬಾಯಿಮಾತಿನಲ್ಲಿ ಬರುವುದು ಅದು ಮುರಿದಾಗಲೇ. ವಕ್ತೃವಿನ ಮಾತನ್ನು ಆಕೆಯ ಆಡುನುಡಿಯಲ್ಲೇ ಬರೆದುಕೊಳ್ಳಬೇಕು; ಗ್ರಂಥಸ್ಥ ಭಾಷೆಗೆ ತಿದ್ದಬಾರದು. ಹೊಲಿಗೆ, ಎಡೆ, ತಿರುವುಗಳಿಗೆ ಆಕೆ ಬಳಸುವ ಪದಗಳನ್ನು ಪ್ರತ್ಯೇಕ ಪಟ್ಟಿ ಮಾಡಬೇಕು.

ಕಾಲದ ಯೋಜನೆಯನ್ನು ಮೊದಲೇ ಮಾಡಿಕೊಳ್ಳುವುದು ಅಗತ್ಯ. ಹತ್ತು ವಾರಗಳ ಯೋಜನೆಯಾದರೆ ಪ್ರಶ್ನೆಯ ರೂಪಣೆಗೆ ೨ ವಾರ, ಕ್ಷೇತ್ರಕಾರ್ಯಕ್ಕೆ ೩ ವಾರ, ಗಣಿತದ ವಿಚಾರಕ್ಕೆ ೩ ವಾರ, ಬರವಣಿಗೆಗೆ ೨ ವಾರ ಎಂಬ ಹಂಚಿಕೆ ಸೂಕ್ತ. ಬಿತ್ತನೆ, ಕಬ್ಬಿನ ಕಟಾವು, ಜಾತ್ರೆಗಳ ದಿನಗಳಲ್ಲಿ ವಕ್ತೃಗಳಿಗೆ ಬಿಡುವಿರುವುದಿಲ್ಲ ಎಂಬುದನ್ನು ನೆನಪಿಡಬೇಕು. ಪ್ರತಿದಿನ ಮಾಡಿದ ಕೆಲಸವನ್ನು, ವಿಫಲವಾದ ಪ್ರಯತ್ನಗಳನ್ನೂ ಸೇರಿಸಿ, ದಿನಚರಿ ಪುಸ್ತಕದಲ್ಲಿ ದಿನಾಂಕಸಹಿತ ಬರೆಯಬೇಕು.

ಆಕೃತಿಯಿಂದ ಗಣಿತಕ್ಕೆ

ಸಂಗ್ರಹಿಸಿದುದನ್ನು ಗಣಿತದ ಭಾಷೆಗೆ ತರುವುದು ಮುಂದಿನ ಹಂತ. ಸೂಜಿ ಬಟ್ಟೆಯನ್ನು ದಾಟುವ ಎಡೆಯನ್ನು ‘ಬಿಂದು’ ಎಂದೂ, ಎರಡು ಬಿಂದುಗಳ ನಡುವಿನ ಒಂದು ಹೊಲಿಗೆಯ ಜಾಗವನ್ನು ‘ಗೆರೆ’ ಎಂದೂ ಕರೆಯೋಣ. ಹೀಗೆ ಮಾಡಿದಾಗ ತೇರು, ಗೋಪುರಗಳೆಲ್ಲ ಬಿಂದು ಮತ್ತು ಗೆರೆಗಳ ಜಾಲಾಕೃತಿಗಳಾಗುತ್ತವೆ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಪ್ರತಿಯೊಂದನ್ನೂ ಒಂದೇ ಸಲ ದಾಟಿ ಬರಬಹುದೇ ಎಂಬ ಪ್ರಶ್ನೆಯನ್ನು ೧೭೩೦ರ ದಶಕದಲ್ಲಿ ಆಯ್ಲರ್ ಬಿಡಿಸಿದ್ದು ಇಂಥ ಸರಳೀಕರಣದಿಂದಲೇ. ಗ್ರಾಫ್ ಸಿದ್ಧಾಂತದ ಆರಂಭವನ್ನು ಅಲ್ಲಿ ಗುರುತಿಸಲಾಗುತ್ತದೆ. ಸೇತುವೆಯ ಪ್ರಶ್ನೆಯಲ್ಲಿ ಪ್ರತಿ ಗೆರೆಯ ಮೇಲೆ ಒಮ್ಮೆ ಮಾತ್ರ ನಡೆಯಬೇಕು. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೆ ದಾರ ಎರಡು ಸಲ ಹಾಯಬೇಕು, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅಲ್ಲದೆ ಹೆಜ್ಜೆಗಳು ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಸರದಿಯಲ್ಲೇ ಬೀಳಬೇಕು.

ಮೊದಲ ಹೆಜ್ಜೆ ಮೇಲ್ಮಗ್ಗುಲಲ್ಲಿ ಬಿದ್ದರೆ, ಬೆಸ ಸಂಖ್ಯೆಯ ಹೆಜ್ಜೆಗಳೆಲ್ಲ ಮೇಲೆ, ಸಮ ಸಂಖ್ಯೆಯವೆಲ್ಲ ಕೆಳಗೆ ಬೀಳುತ್ತವೆ. ಆದ್ದರಿಂದ ಕಸೂತಿಯ ನಿಬಂಧನೆ ಗಣಿತದ ಭಾಷೆಯಲ್ಲಿ ಹೀಗಾಗುತ್ತದೆ: ಪ್ರತಿ ಗೆರೆಗೂ ಒಂದು ಬೆಸ, ಒಂದು ಸಮ ಹೆಜ್ಜೆ ದೊರೆಯಬೇಕು. ಬಟ್ಟೆ, ದಾರ, ಬಣ್ಣಗಳೆಲ್ಲ ಬದಿಗೆ ಸರಿದು ಸಮ-ಬೆಸಗಳ ಪ್ರಶ್ನೆಯೊಂದೇ ಉಳಿಯುವ ಈ ಕ್ರಿಯೆಯೇ ಗಣಿತೀಕರಣ.

ಊಹೆ, ಪ್ರತ್ಯುದಾಹರಣೆ ಮತ್ತು ಸಾಧನೆ

ಮೊದಲು ಚಿಕ್ಕ ಉದಾಹರಣೆಗಳಿಂದ ಆರಂಭಿಸಬೇಕು. ಸಾಲಾಗಿ ೫ ಗೆರೆಗಳಿರುವ ನೇರ ಚಿತ್ತಾರದಲ್ಲಿ ಒಟ್ಟು ೧೦ ಹೆಜ್ಜೆಗಳು. ಮೊದಲ ಗೆರೆಗೆ ೧ ಮತ್ತು ೧೦, ಎರಡನೆಯದಕ್ಕೆ ೨ ಮತ್ತು ೯, ಮೂರನೆಯದಕ್ಕೆ ೩ ಮತ್ತು ೮, ನಾಲ್ಕನೆಯದಕ್ಕೆ ೪ ಮತ್ತು ೭, ಐದನೆಯದಕ್ಕೆ ೫ ಮತ್ತು ೬. ಪ್ರತಿ ಜೋಡಿಯ ಮೊತ್ತ ೧೧. ಮೊತ್ತ ಬೆಸವಾದುದರಿಂದ ಜೋಡಿಯಲ್ಲಿ ಒಂದು ಬೆಸ, ಒಂದು ಸಮ ಇರಲೇಬೇಕು. ಕೂಡಿಕೆಯ ಗುರುತಿನಂತೆ ನಾಲ್ಕು ತೋಳುಗಳಿರುವ ಚಿತ್ತಾರದಲ್ಲಿ ಒಂದು ತೋಳಿನ ತುದಿಯಿಂದ ಹೊರಟರೆ, ಆ ತೋಳಿಗೆ ೧ ಮತ್ತು ೮, ಉಳಿದವುಗಳಿಗೆ ಕ್ರಮವಾಗಿ ೨-೩, ೪-೫, ೬-೭ ಹೆಜ್ಜೆಗಳು ದೊರೆಯುತ್ತವೆ. ಇಲ್ಲಿಯೂ ನಿಬಂಧನೆ ಪೂರೈಸುತ್ತದೆ.

ಇನ್ನು ಮುಚ್ಚಿದ ಆಕೃತಿಗಳು. ೪ ಗೆರೆಗಳ ಚೌಕವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಸುತ್ತಿದರೆ ಮೊದಲ ಗೆರೆಗೆ ೧ ಮತ್ತು ೫ನೆಯ ಹೆಜ್ಜೆಗಳು ಬೀಳುತ್ತವೆ. ಎರಡೂ ಬೆಸ. ಅಂದರೆ ಮೇಲ್ಮಗ್ಗುಲಲ್ಲಿ ದಾರ ಎರಡು ಪದರವಾಗಿ, ಕೆಳಮಗ್ಗುಲು ಬರಿದಾಗಿ ಉಳಿಯುತ್ತದೆ. ಅದೇ ಚೌಕವನ್ನು ಒಂದು ಸುತ್ತು ಹೋಗಿ, ಬಂದ ದಾರಿಯಲ್ಲೇ ಹಿಂದಿರುಗಿದರೆ ೧-೮, ೨-೭, ೩-೬, ೪-೫ ಎಂಬ ಜೋಡಿಗಳು ದೊರೆತು ಚಿತ್ತಾರ ಸರಿಯಾಗುತ್ತದೆ. ಇದರಿಂದ ವಿದ್ಯಾರ್ಥಿ ‘ಮುಚ್ಚಿದ ಆಕೃತಿಯಲ್ಲಿ ಯಾವಾಗಲೂ ಹಿಂದಿರುಗಲೇಬೇಕು’ ಎಂಬ ಊಹೆ ಮಾಡಬಹುದು. ಊಹೆ ಸಹಜ, ಆದರೆ ತಪ್ಪು. ಎರಡು ನೇರ ಗೆರೆ, ಒಂದು ಓರೆ ಗೆರೆಯ ತ್ರಿಕೋನವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಸುತ್ತಿದರೆ ೧-೪, ೨-೫, ೩-೬ ಎಂಬ ಜೋಡಿಗಳು ಬರುತ್ತವೆ, ಎಲ್ಲವೂ ಸರಿ. ಒಂದು ಪ್ರತ್ಯುದಾಹರಣೆ ಊಹೆಯನ್ನು ಉರುಳಿಸಿತು.

ಊಹೆಯನ್ನು ತಿದ್ದಬೇಕು: ಗೆರೆಗಳ ಸಂಖ್ಯೆ ಬೆಸವಾದ ಮುಚ್ಚಿದ ಸುತ್ತಿನಲ್ಲಿ ಒಂದೇ ದಿಕ್ಕಿನ ಎರಡು ಸುತ್ತು ನಡೆಯುತ್ತದೆ, ಸಮವಾದಲ್ಲಿ ನಡೆಯುವುದಿಲ್ಲ. ಕಾರಣ ಸ್ಪಷ್ಟ. ಎರಡನೆಯ ಸುತ್ತಿನಲ್ಲಿ ಪ್ರತಿ ಗೆರೆಯ ಹೆಜ್ಜೆ, ಸುತ್ತಿನ ಗೆರೆಗಳ ಸಂಖ್ಯೆಯಷ್ಟು ಮುಂದೆ ಸರಿಯುತ್ತದೆ. ಆ ಸಂಖ್ಯೆ ಬೆಸವಾದಾಗ ಮಾತ್ರ ಸಮ-ಬೆಸ ಅದಲುಬದಲಾಗುತ್ತದೆ. ಅಡ್ಡ ಮತ್ತು ಉದ್ದ ಗೆರೆಗಳು ಮಾತ್ರವಿರುವ ಮುಚ್ಚಿದ ಸುತ್ತಿನಲ್ಲಿ ಎಡಕ್ಕೆ ಹೋದಷ್ಟೇ ಬಲಕ್ಕೂ, ಮೇಲೇರಿದಷ್ಟೇ ಕೆಳಕ್ಕೂ ಹೆಜ್ಜೆ ಇಡಬೇಕಾದುದರಿಂದ ಗೆರೆಗಳ ಸಂಖ್ಯೆ ಯಾವಾಗಲೂ ಸಮ. ಆದ್ದರಿಂದ ಅಂಥ ಚಿತ್ತಾರಗಳಲ್ಲಿ ಸುತ್ತು ಹಾಕಿ ಹಿಂದಿರುಗುವುದು ಕಟ್ಟುಪಾಡಿನಂತೆ ಕಂಡರೂ ಅದರ ಹಿಂದೆ ಸಮ-ಬೆಸಗಳ ಕಾರಣವಿದೆ.

ಈಗ ಮೂಲ ಪ್ರಶ್ನೆಗೆ ಉತ್ತರ ಸಾಧ್ಯ. ಮೊದಲು ಮುಚ್ಚಿದ ಸುತ್ತುಗಳಿಲ್ಲದ, ಗಿಡದಂತೆ ಕವಲೊಡೆಯುವ ಚಿತ್ತಾರವನ್ನು ಪರಿಶೀಲಿಸಬೇಕು. ಒಂದು ಗೆರೆಯ ಮೇಲೆ ದಾರ ಮೊದಲ ಸಲ ಹಾಯ್ದಾಗ ಅದರಾಚೆಗೆ ಇನ್ನೂ ಕೆಲವು ಗೆರೆಗಳಿವೆ ಎಂದುಕೊಳ್ಳೋಣ. ಹಿಂದಿರುಗಲು ಆ ಗೆರೆಯ ಹೊರತು ಬೇರೆ ದಾರಿಯಿಲ್ಲ. ಹೀಗಾಗಿ ಆಚೆಯ ಎಲ್ಲ ಗೆರೆಗಳನ್ನು ಎರಡೆರಡು ಸಲ ಮುಗಿಸಿಕೊಂಡೇ ಮರಳಬೇಕು. ಎರಡೆರಡು ಸಲವೆಂದ ಮೇಲೆ ನಡುವಿನ ಹೆಜ್ಜೆಗಳ ಸಂಖ್ಯೆ ಸಮ. ಹೋದ ಹೆಜ್ಜೆಗೂ ಬಂದ ಹೆಜ್ಜೆಗೂ ನಡುವೆ ಸಮಸಂಖ್ಯೆಯ ಹೆಜ್ಜೆಗಳಿದ್ದರೆ ಒಂದು ಬೆಸವಾದಾಗ ಇನ್ನೊಂದು ಸಮವಾಗಲೇಬೇಕು. ಕವಲುಗಳ ಚಿತ್ತಾರದಲ್ಲಿ ಯಾವ ಟೊಂಗೆಯನ್ನೂ ಬಿಡದೆ ಹೊಲಿದರೆ ತಪ್ಪಲು ಅವಕಾಶವೇ ಇಲ್ಲ.

ಮುಚ್ಚಿದ ಸುತ್ತುಗಳಿರುವ ಚಿತ್ತಾರವಾದರೆ, ಎಲ್ಲ ಬಿಂದುಗಳನ್ನೂ ಮುಟ್ಟುವ, ಆದರೆ ಸುತ್ತುಗಳಿಲ್ಲದ ಕವಲು ಹಂದರವೊಂದನ್ನು ಅದರೊಳಗಿಂದ ಆರಿಸಿಕೊಳ್ಳಬೇಕು. ಉಳಿದ ಪ್ರತಿ ಗೆರೆಯನ್ನೂ ಒಂದು ಕಿರುಟೊಂಗೆಯಂತೆ ಭಾವಿಸಿ, ಅದರ ಒಂದು ತುದಿಗೆ ಬಂದಾಗ ಮೇಲೊಮ್ಮೆ ಕೆಳಗೊಮ್ಮೆ ಅಥವಾ ಕೆಳಗೊಮ್ಮೆ ಮೇಲೊಮ್ಮೆ ಹೋಗಿ ತಕ್ಷಣ ಮರಳಬೇಕು. ಆ ಎರಡು ಹೆಜ್ಜೆಗಳು ಒಂದರ ಹಿಂದೆ ಒಂದು ಬರುವುದರಿಂದ ಒಂದು ಬೆಸ, ಒಂದು ಸಮ. ಹಂದರದ ಲೆಕ್ಕಕ್ಕೂ ಎರಡು ಹೆಜ್ಜೆ ಸೇರಿದುದರಿಂದ ಸಮ-ಬೆಸ ಕೆಡುವುದಿಲ್ಲ. ಆದ್ದರಿಂದ ಬಿಡಿ ಭಾಗಗಳಿಲ್ಲದೆ ಒಂದಕ್ಕೊಂದು ಕೂಡಿಕೊಂಡಿರುವ ಯಾವುದೇ ಚಿತ್ತಾರವನ್ನು ಒಂದೇ ದಾರದಲ್ಲಿ, ಎರಡೂ ಮಗ್ಗುಲು ಒಂದಾಗುವಂತೆ ಗವಂತಿಯಲ್ಲಿ ತೆಗೆಯಬಹುದು. ಬಿಡಿ ಭಾಗಗಳಿದ್ದರೆ ಪ್ರತಿ ಭಾಗಕ್ಕೂ ಪ್ರತ್ಯೇಕ ದಾರ ಬೇಕು. ಗೆರೆಗಳೆಲ್ಲ ಒಂದೇ ಅಳತೆಯವಾದರೆ ೧೦೦ ಗೆರೆಗಳ ಚಿತ್ತಾರಕ್ಕೆ ೨೦೦ ಗೆರೆಯಷ್ಟು ದಾರ ಸಾಕು ಎಂಬ ಅಂದಾಜೂ ಇದರಿಂದ ದೊರೆಯುತ್ತದೆ. ಬಟ್ಟೆಯ ದಪ್ಪಕ್ಕೆ, ದಾರದ ತುದಿಗಳಿಗೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಅಂದಾಜು ಮತ್ತು ಅಳತೆಗಳ ನಡುವಿನ ಈ ಅಂತರವನ್ನು ವಿದ್ಯಾರ್ಥಿ ಅಳೆದು ನೋಡಬಹುದು.

ಹತ್ತು ಚಿತ್ತಾರಗಳಲ್ಲಿ ಪರೀಕ್ಷಿಸಿ ನೋಡುವುದು ಸಾಧನೆಯಲ್ಲ. ಹನ್ನೊಂದನೆಯದರಲ್ಲಿ ಏನಾಗುತ್ತದೆ ಎಂದು ಅದು ಹೇಳಲಾರದು. ಮೇಲಿನ ವಾದ ಇನ್ನೂ ಯಾರೂ ತೆಗೆಯದ ಚಿತ್ತಾರಕ್ಕೂ ಅನ್ವಯಿಸುತ್ತದೆ. ಈ ವ್ಯತ್ಯಾಸವನ್ನು ಮನಗಾಣುವುದೇ ವಿದ್ಯಾರ್ಥಿಗೆ ಯೋಜನೆಯಿಂದ ದೊರೆಯುವ ಮುಖ್ಯ ಫಲ.

ವರದಿಯ ಬರವಣಿಗೆ

ವರದಿಯನ್ನು ಕೆಲಸ ನಡೆದ ಕ್ರಮದಲ್ಲಿ ಬರೆಯದೆ, ಓದುಗನಿಗೆ ಅರ್ಥವಾಗುವ ಕ್ರಮದಲ್ಲಿ ಬರೆಯಬೇಕು. ಮೊದಲ ಪುಟದಲ್ಲಿಯೇ ಪ್ರಶ್ನೆಯನ್ನೂ ಉತ್ತರವನ್ನೂ ಸಂಗ್ರಹವಾಗಿ ಹೇಳಬೇಕು. ಅನಂತರ ಕಸೂತಿಯ ಪರಿಚಯ, ಕ್ಷೇತ್ರಕಾರ್ಯದ ವಿಧಾನ, ಪಾರಿಭಾಷಿಕ ಪದಗಳ ವ್ಯಾಖ್ಯೆ, ಉದಾಹರಣೆಗಳು, ಊಹೆ, ಪ್ರತ್ಯುದಾಹರಣೆ, ಸಾಧನೆ, ಮುಂದಿನ ಪ್ರಶ್ನೆಗಳು ಎಂಬ ಕ್ರಮ ಸೂಕ್ತ. ಸಾಧನೆಯನ್ನು ಬರೆಯುವಾಗ ರೇಖಾಗಣಿತದ ಪಾಠದಲ್ಲಿ ರೂಢಿಯಾದ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ವಿಂಗಡಣೆ ನೆರವಾಗುತ್ತದೆ. ‘ಸ್ಪಷ್ಟವಾಗಿದೆ’, ‘ಸುಲಭವಾಗಿ ತಿಳಿಯುತ್ತದೆ’ ಎಂಬ ಮಾತುಗಳು ಬಂದಲ್ಲಿ ವಿದ್ಯಾರ್ಥಿ ನಿಂತು, ಅಲ್ಲಿ ಒಂದು ಮೆಟ್ಟಿಲು ಬಿಟ್ಟಿದೆಯೇ ಎಂದು ನೋಡಬೇಕು. ಒಂದು ವ್ಯಾಖ್ಯೆಗೆ ಒಂದೇ ಪದ. ಬಿಂದುವನ್ನು ಮುಂದಿನ ಪುಟದಲ್ಲಿ ಚುಕ್ಕಿ ಎಂದೂ ಅದರ ಮುಂದಿನ ಪುಟದಲ್ಲಿ ಗಂಟು ಎಂದೂ ಕರೆಯಬಾರದು. ವಿಫಲವಾದ ಊಹೆಯನ್ನು ಮುಚ್ಚಿಡಬಾರದು. ತ್ರಿಕೋನದ ಪ್ರತ್ಯುದಾಹರಣೆಯಿಲ್ಲದಿದ್ದರೆ ಸಮ-ಬೆಸಗಳ ನಿಯಮವೇ ಹೊಳೆಯುತ್ತಿರಲಿಲ್ಲ ಎಂಬುದನ್ನು ವರದಿ ತೋರಿಸಬೇಕು.

ಪೂರ್ವಾಧ್ಯಯನಗಳನ್ನು ಉಲ್ಲೇಖಿಸುವುದು ಕಡ್ಡಾಯ. ಯುರೋಪಿನ ‘ಬ್ಲ್ಯಾಕ್‌ವರ್ಕ್’ ಎಂಬ ಸೂಜಿಕೆಲಸದಲ್ಲಿಯೂ ಹೋಗಿ ಮರಳಿ ತುಂಬುವ ಹೊಲಿಗೆಯಿದೆ. ೨೦೦೭ರಲ್ಲಿ ಪ್ರಕಟವಾದ, ಸೂಜಿಕೆಲಸದ ಗಣಿತವನ್ನು ಕುರಿತ ಸಂಪುಟವೊಂದರಲ್ಲಿ ಜೋಶುವಾ ಹೋಲ್ಡನ್ ಇದನ್ನು ಗ್ರಾಫ್ ಸಿದ್ಧಾಂತದ ಮೂಲಕ ಪರಿಶೀಲಿಸಿದ್ದಾರೆ. ಹಾಗಾದರೆ ಬೀಳಗಿಯ ವಿದ್ಯಾರ್ಥಿಯ ಕೆಲಸ ವ್ಯರ್ಥವೇ? ಖಂಡಿತ ಅಲ್ಲ. ತಾನಾಗಿ ಕಂಡುಕೊಂಡ ಸಾಧನೆ, ಮೊದಲೇ ಬೇರೆಡೆ ಪ್ರಕಟವಾಗಿದ್ದರೂ ಕಲಿಕೆಯ ದೃಷ್ಟಿಯಿಂದ ಹೊಸದೇ. ಕ್ಷೇತ್ರದ ದಾಖಲೆಯಂತೂ ಸಂಪೂರ್ಣವಾಗಿ ವಿದ್ಯಾರ್ಥಿಯದು. ಬೀಳಗಿ ಸೀಮೆಯ ತೇರು ಚಿತ್ತಾರದಲ್ಲಿ ಸೂಜಿ ಯಾವ ಎಡೆಯಿಂದ ಹೊರಟು ಎಲ್ಲಿ ತಿರುಗುತ್ತದೆ ಎಂಬುದನ್ನು ಯಾವ ವಿದೇಶಿ ಗ್ರಂಥವೂ ಹೇಳುವುದಿಲ್ಲ. ಎಲ್ಲ ಚಿತ್ತಾರಗಳಿಗೂ ಹಲವು ದಾರಿಗಳು ಸಾಧ್ಯವೆಂದು ಗಣಿತ ತೋರಿಸಿದ ಮೇಲೆ, ವಕ್ತೃಗಳು ಆ ಹಲವುಗಳಲ್ಲಿ ಒಂದನ್ನೇ ಏಕೆ ಆರಿಸುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಅದು ಜಾನಪದದ ಪ್ರಶ್ನೆ. ನೆನಪು, ಕೈಯ ಅನುಕೂಲ, ಕಲಿಸಿದ ಹಿರಿಯರ ಪದ್ಧತಿಗಳಲ್ಲಿ ಅದಕ್ಕೆ ಉತ್ತರ ಹುಡುಕಬೇಕು.

ವಕ್ತೃವಿನ ಸ್ಥಾನ

ವಿದ್ಯಾರ್ಥಿಗಳ ವರದ�ಿಗಳಲ್ಲಿ ಮಾರ್ಗದರ್ಶಕರು, ಮುಖ್ಯೋಪಾಧ್ಯಾಯರು, ಮುದ್ರಕರು ಎಲ್ಲರಿಗೂ ಕೃತಜ್ಞತೆ ಸಲ್ಲುತ್ತದೆ. ಹೊಲಿದು ತೋರಿಸಿದ ಅಜ್ಜಿಯ ಹೆಸರು ಮಾತ್ರ ‘ಊರಿನ ಹಿರಿಯ ಮಹಿಳೆಯರು’ ಎಂಬ ಸಾಮಾನ್ಯ ಮಾತಿನಲ್ಲಿ ಕರಗಿ ಹೋಗುತ್ತದೆ. ಜಾನಪದ ಅಧ್ಯಯನ ಈ ದೋಷವನ್ನು ಬಹಳ ಹಿಂದೆಯೇ ಗುರುತಿಸಿದೆ. ವಕ್ತೃ ಮಾಹಿತಿಯ ಮೂಲ ಮಾತ್ರವಲ್ಲ, ಆ ಜ್ಞಾನದ ಒಡತಿ. ಆಕೆಯ ಒಪ್ಪಿಗೆ ಪಡೆದು, ಆಕೆ ಬಯಸಿದರೆ ಹೆಸರು, ಊರು, ಯಾರಿಂದ ಕಲಿತಳು ಎಂಬ ವಿವರಗಳನ್ನು ವರದಿಯ ಆರಂಭದಲ್ಲಿಯೇ ಕೊಡಬೇಕು. ಬೇಡವೆಂದರೆ ಬಿಡಬೇಕು. ಯೋಜನೆ ಮುಗಿದ ಮೇಲೆ ವರದಿಯ ಪ್ರತಿಯೊಂದನ್ನು ಆಕೆಯ ಮನೆಗೆ ಒಯ್ದು, ಚಿತ್ರಗಳನ್ನು ತೋರಿಸಿ, ಸಾಧನೆಯನ್ನು ಆಡುಮಾತಿನಲ್ಲಿ ಹೇಳಬೇಕು. ಸೂಜಿ ಎತ್ತ ತಿರುಗಬೇಕೆಂದು ಬಲ್ಲವಳಿಗೆ ಆ ವಿವರಣೆ ತಿಳಿಯದಿದ್ದರೆ, ದೋಷವಿರುವುದು ಬರವಣಿಗೆಯಲ್ಲಿ.

ಈ ಕೆಲಸಕ್ಕೆ ಕಾಲದ ಒತ್ತಡವೂ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೀಳಗಿ ತಾಲ್ಲೂಕಿನ ಅನೇಕ ಗ್ರಾಮಗಳು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡವು. ಮನೆ, ಹೊಲಗಳಿಗೆ ಪರಿಹಾರದ ಲೆಕ್ಕ ನಡೆಯಿತು. ಓಣಿಯ ಕಟ್ಟೆಯ ಮೇಲೆ ಕೂಡಿ ಕುಳಿತು ಹಿರಿಯರಿಂದ ಕಿರಿಯರು ಹೊಲಿಗೆ ಕಲಿಯುತ್ತಿದ್ದ ಬಿಡುವಿನ ಹೊತ್ತಿಗೆ ಯಾವ ಪರಿಹಾರದ ಕೋಷ್ಟಕದಲ್ಲಿಯೂ ಕಾಲಮ್ಮಿಲ್ಲ. ಯಂತ್ರದ ಕಸೂತಿ ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುತ್ತಿದೆ. ಅದರ ಮೇಲ್ಮಗ್ಗುಲು ಗವಂತಿಯಂತೆಯೇ ಕಾಣುತ್ತದೆ. ತಿರುವಿ ನೋಡಿದರೆ ಕೆಳಮಗ್ಗುಲು ಬೇರೆಯಾಗಿರುತ್ತದೆ. ಎರಡೂ ಮಗ್ಗುಲು ಒಂದಾಗಿಸುವ ಅರಿವು ಕೆಲವೇ ಹಿರಿಯರ ಕೈಯಲ್ಲಿ ಉಳಿದರೆ, ಅವರ ನಂತರ ಚಿತ್ತಾರಗಳು ಸಂಗ್ರಹಾಲಯದಲ್ಲಿ ಸಿಕ್ಕಾವು. ಹೆಜ್ಜೆಗಳ ಕ್ರಮ ಸಿಗಲಾರದು.

ಉಪಸಂಹಾರ

ವಿದ್ಯಾರ್ಥಿಯ ಗಣಿತ ಯೋಜನೆ ಅಂಕಗಳಿಗಾಗಿ ನಡೆಯುವ ವಿಧಿಯಾಗಿ ಉಳಿಯಬೇಕಾಗಿಲ್ಲ. ಒಂದು ಖಚಿತ ಪ್ರಶ್ನೆ, ಕಣ್ಣಾರೆ ಕಂಡ ದಾಖಲೆ, ಧೈರ್ಯದ ಊಹೆ, ಅದನ್ನು ಉರುಳಿಸಬಲ್ಲ ಪ್ರತ್ಯುದಾಹರಣೆಯ ಹುಡುಕಾಟ, ಎಲ್ಲ ಸಂದರ್ಭಗಳಿಗೂ ಸಲ್ಲುವ ಸಾಧನೆ ಮತ್ತು ವಕ್ತೃವಿಗೆ ನ್ಯಾಯ ಒದಗಿಸುವ ಬರವಣಿಗೆ ಇಷ್ಟಿದ್ದರೆ ಅದು ನಿಜವಾದ ಸಂಶೋಧನೆಯೇ ಆಗುತ್ತದೆ. ತಾಲ್ಲೂಕಿಗೆ ಹತ್ತಾರು ಶಾಲೆಗಳು ವರ್ಷಕ್ಕೊಂದರಂತೆ ಇಂಥ ವರದಿ ಸಿದ್ಧಪಡಿಸಿ, ಒಂದು ಪ್ರತಿಯನ್ನು ಸ್ಥಳೀಯ ಗ್ರಂಥಾಲಯದಲ್ಲಿ ಇರಿಸಿದರೆ, ಕೆಲವೇ ವರ್ಷಗಳಲ್ಲಿ ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ಜನಪದ ಗಣಿತದ ಕೋಶವೊಂದು ರೂಪುಗೊಳ್ಳುವುದು ಸಾಧ್ಯ. ಮಗ್ಗ, ಕೌದಿ, ರಂಗೋಲಿ, ಅಳತೆ, ಆಟಗಳೆಲ್ಲ ಆ ಕೋಶದ ಅಧ್ಯಾಯಗಳಾಗಬಹುದು. ‘ಸಾಲಿ ಕಲಿತಿಲ್ಲ’ ಎನ್ನುವ ಅಜ್ಜಿಯೂ, ‘ಗಣಿತ ಬರುವುದಿಲ್ಲ’ ಎನ್ನುವ ಮೊಮ್ಮಗಳೂ ಒಂದೇ ಚೌಕಳಿ ಹಾಳೆಯ ಮುಂದೆ ಕುಳಿತು ಹೆಜ್ಜೆಗಳನ್ನು ಎಣಿಸುವಂತಾದರೆ, ಜಾನಪದಕ್ಕೂ ಗಣಿತಕ್ಕೂ ಅದಕ್ಕಿಂತ ಹೆಚ್ಚಿನ ಸೇವೆ ಬೇರೆಯಿರಲಾರದು.